ಕಡ್ಲಿಯೋ ಕಡಲೋ

ವಿಜಯಪುರ ಸಮುದ್ರದ ದಂಡೆಯ ಮೇಲಿದೆ ಎಂದು ಹೇಳುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಮೈದುನ. ತಪ್ಪು ನನ್ನದಲ್ಲ, ನಾನು ಮದುವೆಯಾಗಿ ಈ ಮನೆಗೆ ಬರುವಷ್ಟರಲ್ಲಿ ಅವನು ಆಗಲೇ ಹುಟ್ಟಿಬಿಟ್ಟಿದ್ದ!

ಮೊದಲು ಅವನಿಗೆ ಸಮುದ್ರದ ಗೊಡವೆ ಇರಲಿಲ್ಲ. ವಿಜಯಪುರದ ಹತ್ತಿರ ನಿಡೋಣಿಯಲ್ಲಿ ನಮ್ಮದು ಎರೆ ಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ. ಕಡಲೆಗೆ ನಾವು ಕಡ್ಲಿ ಅನ್ನುತ್ತೇವೆ. ಮೈದುನನ ಪ್ರಕಾರ ಲೋಕದಲ್ಲಿ ಇರುವುದು ಎರಡೇ: ಒಂದು ಕಡ್ಲಿ, ಇನ್ನೊಂದು ಕಡ್ಲಿಯ ಬಗ್ಗೆ ಏನೂ ಗೊತ್ತಿಲ್ಲದ ಜನ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಹೋಳಿಗೆ ಮುರಿದು, ಹೂರಣ ಮೂಸಿ, "ಇದು ಟಿಕೋಟಾ ಕಡೀ ಕಡ್ಲಿ, ಮಳಿ ಸಾಕಾಗಿಲ್ಲ" ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಾನೆ. ಬೀಗರು ಹೋಳಿಗೆ ತಿನ್ನಬೇಕೋ, ಟಿಕೋಟಾದ ಮಳೆಗಾಗಿ ಅಳಬೇಕೋ? ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅಷ್ಟೇ. "ಚಲೋ ಮನಶ್ಯಾ. ಪಾಪ, ಈ ವರ್ಷದ ಕಡ್ಲಿ ನೋಡದ ಹ್ವಾದ" ಎಂದು ನಿಟ್ಟುಸಿರು ಬಿಡುತ್ತಾನೆ.

ಮದುವೆ ಮಾಡಿಕೊಳ್ಳಲಿಲ್ಲ. ಅತ್ತಿಗೆಯಾದ ನಾನು ಕೇಳಿದಾಗಲೆಲ್ಲ "ಬಿತ್ತಿಗಿ ಮುಗೀಲಿ ವೈನಿ" ಅನ್ನುತ್ತಿದ್ದ. ಬಿತ್ತಿಗೆ ಪ್ರತಿ ವರ್ಷ ಬರುತ್ತದೆಂದು ನನಗೂ ಹೊಳೆಯಲಿಲ್ಲ ನೋಡಿ!

ಹೆಂಡತಿ ಮಕ್ಕಳು ಇಲ್ಲದವನು ನನ್ನ ಮೊಮ್ಮಗಳು ಸವಿತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ. ಅವಳ ಅಪ್ಪ, ಅಂದರೆ ನನ್ನ ಮಗ, ಅವಳು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದ. ಅವಳು ಇವನಿಗೆ ಮುತ್ಯಾ, ಅಂದರೆ ಅಜ್ಜ, ಅನ್ನುತ್ತಾಳೆ. ಓದಿ ದೊಡ್ಡವಳಾಗಿ ಕಾರವಾರದಲ್ಲಿ ಕೆಲಸ ಹಿಡಿದಳು. ಮೀನುಗಾರ ಹೆಂಗಸರು ಸಂಘ ಕಟ್ಟಿಕೊಂಡು ತಮ್ಮ ಸರಕನ್ನು ತಾವೇ ಮಾರುವುದನ್ನು ಕಲಿಸುವ ಕೆಲಸವಂತೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಮೀನಿನ ಮಾತು ಬರುತ್ತಿದ್ದುದು ರಾಶಿಭವಿಷ್ಯ ಓದುವಾಗ ಮಾತ್ರ.

ಒಂದು ದಿನ ಅವಳ ಫೋನು ಬಂತು.

"ಆಯಿ, ಇಲ್ಲಿ ಒಬ್ಬರು ನನ್ನ ಮನಸಿಗೆ ಬಂದಾರ. ಆದ್ರ ಮುತ್ಯಾ ಹೂಂ ಅಂದ್ರ ಮದಿವಿ, ಇಲ್ಲಾಂದ್ರ ಇಲ್ಲ. ನನ್ನ ಹೊತ್ತಾಡಿಸಿದಾಂವ ಅಂವ."

ಮೈದುನ ನನ್ನ ಕೈಯಿಂದ ಫೋನು ಕಸಿದುಕೊಂಡ. "ಹುಡುಗನ ಕಡೆ ಕೊಡಬೇ" ಅಂದ. ಹುಡುಗನ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು.

"ಏನ ಕೆಲಸಾ ಮಾಡ್ತೀಯಪಾ?"

"ಕಡಲ ಕೃಷಿ ಮಾಡ್ತೇನೆ ಅಜ್ಜ."

ಮೈದುನನ ಮುಖ ಗೌರಿ ಹುಣ್ಣಿಮೆಯ ಆರತಿಯ ಹಾಗೆ ಬೆಳಗಿತು. "ಕಡ್ಲಿ! ವೈನಿ, ಕಡ್ಲಿ ಬೆಳೀತಾನಂತ! ನೀರಾವರಿಯೋ, ಖುಷ್ಕಿಯೋ?"

"ಪೂರಾ ನೀರೇ."

"ಹಂಗಾರ ಬೇರು ಕೊಳೀತಾವಲ್ಲೋ!"

"ಇದಕ್ಕೆ ಬೇರು ಇರುವುದಿಲ್ಲ. ಹಗ್ಗಕ್ಕೆ ಕಟ್ಟಿ ಬಿಡ್ತೇವೆ."

"ಹಗ್ಗಕ್ಕ? ಯಾಕ, ಓಡಿ ಹೋಗತೈತೇನು?"

"ಹೌದು, ಅಲೆ ಜೋರಾದರೆ ಹೋಗ್ತದೆ. ಮತ್ತೆ ನೀರಿನಲ್ಲಿ ಉಪ್ಪು ಕಮ್ಮಿಯಾದರೂ ಬೆಳೆ ಹಾಳು."

ಮೈದುನ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. "ವೈನಿ, ಹುಡುಗ ಚಲೋ ಅದಾನ. ಆದ್ರ ಒಕ್ಕಲತನ ಯಾರೋ ಭಾಳ ತಪ್ಪ ಕಲಿಸ್ಯಾರ. ನಾ ಹೋಗಿ ತಿದ್ದಿ ಬರ್ತೀನಿ."

ನನಗೂ ತಿಳಿಯಲಿಲ್ಲ ಅನ್ನಿ. ನಾವು ಸಮುದ್ರಕ್ಕೆ ಸಮುದ್ರ ಅನ್ನುವವರು. ಪುಸ್ತಕದಲ್ಲಿ ಕಡಲು ಬರುವುದರೊಳಗೆ ನನ್ನ ಸಾಲಿ ಬಿಡಿಸಿದ್ದರು!

ಅಂತೂ ಬಿತ್ತುವ ಕಡ್ಲಿ ಒಂದು ಚೀಲ ತುಂಬಿಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಪಕ್ಕದವರಿಗೆ, "ನಮ್ಮ ಹುಡುಗಿಗಿ ಕಡ್ಲಿ ಮನಿತನ ಕೂಡಿ ಬಂದೈತ್ರಿ" ಎಂದು ಹೇಳಿದ್ದೇ ಹೇಳಿದ್ದು. ಘಟ್ಟದ ತಿರುವುಗಳಲ್ಲಿ ಎಲ್ಲರೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಅವನ ಮಾತು ಮಾತ್ರ ನಿಲ್ಲಲಿಲ್ಲ.

ಕಾರವಾರದಲ್ಲಿ ಸವಿತಾ ಮತ್ತು ಆ ಹುಡುಗ ನಮ್ಮನ್ನು ನೇರವಾಗಿ ದಂಡೆಗೆ ಕರೆದುಕೊಂಡು ಹೋದರು. ಮೈದುನ ಚೀಲವನ್ನು ಮರಳಿನ ಮೇಲಿಟ್ಟು ಸುತ್ತ ನೋಡಿದ.

"ಹೊಲ ಎಲ್ಲೈತಿ?"

ಹುಡುಗ ಸಮುದ್ರದ ಕಡೆ ಕೈ ಮಾಡಿದ.

"ಅದರ ಆಚಿ ದಂಡಿಗೇನು?"

"ಅದೇ ಅಜ್ಜ, ಅದೇ ಹೊಲ. ಕಡಲು!"

ಮೈದುನ ನೀರು ನೋಡಿದ, ಚೀಲ ನೋಡಿದ, ನನ್ನನ್ನು ನೋಡಿದ. ಆಮೇಲೆ ಒಂದೇ ಮಾತು ಕೇಳಿದ: "ಬದು ಎಲ್ಲೈತಿ?"

ನಮ್ಮನ್ನು ದೋಣಿಯಲ್ಲಿ ಕೂರಿಸಿದರು. ನಾನು ದೋಣಿಯ ಅಂಚು ಹಿಡಿದೆ; ಮೈದುನ ನನ್ನನ್ನು ಹಿಡಿದ. ಒಂದು ಕಡೆ ಹುಡುಗ ನೀರಿನಿಂದ ಹಗ್ಗ ಎತ್ತಿದ. ಅದರ ತುಂಬ ಕಂದು ಬಣ್ಣದ ಸೊಪ್ಪು ಜೋತುಬಿದ್ದಿತ್ತು.

"ಇದಕ್ಕೆ ಕಡಲಕಳೆ ಅಂತಾರೆ ಅಜ್ಜ."

"ಕಳಿ ಅಂದ್ರ? ಕಸಾ? ನಾವು ಹುಟ್ಟಿದಾಗಿಂದ ಕಸಾ ಕೀಳಾಕತ್ತೀವಿ, ನೀ ಕಸಾ ಬೆಳಿಯಾಕತ್ತೀಯಲ್ಲೋ ಮಾರಾಯಾ!"

"ಇದು ಊಟಕ್ಕೂ ಆಗ್ತದೆ, ಔಷಧಕ್ಕೂ ಆಗ್ತದೆ, ಹೊಲಕ್ಕೆ ಗೊಬ್ಬರವೂ ಆಗ್ತದೆ. ಇದಕ್ಕೆ ಗೊಬ್ಬರ ಹಾಕಬೇಕಾಗಿಲ್ಲ, ನೀರು ಬಿಡಬೇಕಾಗಿಲ್ಲ."

ನೀರು ಬಿಡಬೇಕಾಗಿಲ್ಲ ಎಂಬ ಮಾತು ಕೇಳಿದ್ದೇ ಮೈದುನನ ಕಣ್ಣು ಅರಳಿತು. ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡ. "ವೈನಿ, ಉಪ್ಪ ಮೊದಲ ಹಾಕ್ಯಾರ! ಬರೇ ಒಗ್ಗರಣಿ ಕೊಟ್ರ ಸಾಕು."

ಆಮೇಲೆ ಪ್ರಶ್ನೆಗಳು ಶುರುವಾದವು. ಮಳೆಗಾಲ ಶುರುವಾದಾಗ ಮೀನು ಮರಿ ಮಾಡಲಿ ಎಂದು ದೊಡ್ಡ ದೋಣಿಗಳನ್ನು ದಡಕ್ಕೆ ಕಟ್ಟುತ್ತಾರೆಂದು ಹುಡುಗ ಹೇಳಿದಾಗ ಮೈದುನ ತೊಡೆ ತಟ್ಟಿಕೊಂಡ. "ಹೊಲಾ ಬೀಳ ಬಿಟ್ಟಂಗ! ಇವರು ಒಕ್ಕಲಗ್ಯಾರ ಅದಾರ ವೈನಿ, ಮೈ ಅಷ್ಟ ಹಸಿ." ಬೆಳೆಗೆ ಹುಳ ಯಾವುದು ಎಂದು ಕೇಳಿದ. ಹುಡುಗ ಹಗ್ಗಕ್ಕೆ ಸುತ್ತಿಕೊಂಡಿದ್ದ ಒಂದು ಪ್ಲಾಸ್ಟಿಕ್ ಚೀಲ ಬಿಡಿಸಿ ತೋರಿಸಿದ. "ಇದೇ. ದಡದ ಊರು ಹೇಗೋ ನಮ್ಮ ಹೊಲ ಹಾಗೆ. ಊರಿನವರು ಗಟಾರ ಬಿಟ್ಟರೆ ಇಲ್ಲಿ ಬೆಳೆಯೂ ಇಲ್ಲ, ಮೀನೂ ಇಲ್ಲ, ಹೆಂಗಸರಿಗೆ ಸಂತೆಯೂ ಇಲ್ಲ. ದಡದ ಊರೇ ಅಂತಲ್ಲ, ಎಲ್ಲೆಲ್ಲಿಯ ಹೊಳೆಗಳೂ ತಂದು ಹಾಕ್ತವೆ. ನೋಡ್ಲಿಕ್ಕೆ ಹೋದರೆ ಎಲ್ಲ ಊರೂ ಕಡಲ ದಂಡೆಯ ಊರೇ ಅಜ್ಜ."

ಆ ಹುಡುಗ ಆ ಕೊನೆಯ ಮಾತೊಂದನ್ನು ಆಡಬಾರದಿತ್ತು!

ಹೊರಡುವಾಗ ಸವಿತಾ ಕೇಳಿದಳು. "ಮುತ್ಯಾ, ಏನಂತಿ?"

"ಹುಡುಗ ಚಲೋ. ಬೆಳಿ ಚಲೋ. ಆದ್ರ ಭಾಳ ದೂರ ಆತವ್ವಾ."

ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹುಡುಗಿ ತುಟಿ ಕಚ್ಚಿಕೊಂಡು ನಮ್ಮನ್ನು ಬಸ್ಸು ಹತ್ತಿಸಿದಳು.

ವಿಜಯಪುರಕ್ಕೆ ಬಂದು ಇಳಿದ ಮರುದಿನವೇ ಕಾಟ ಆರಂಭವಾಯಿತು. ಗಾಂಧಿ ಚೌಕದಲ್ಲಿ ಬಾಳೆಹಣ್ಣಿನ ಗಾಡಿಯವನು ಹರಿದ ಪ್ಲಾಸ್ಟಿಕ್ ಚೀಲವೊಂದನ್ನು ಗಟಾರಕ್ಕೆ ಒಗೆದ. ಮೈದುನ ಹಾರಿ ಹಿಡಿದ.

"ಏ ತಮ್ಮಾ, ಸಮುದ್ರಾ ಹೊಲಸ ಮಾಡ್ತೀಯೇನು?"

ಗಾಡಿಯವನು ಹಿಂದೆ ನೋಡಿದ, ಮುಂದೆ ನೋಡಿದ. ಆಟೋ, ಎಮ್ಮೆ, ಬಟ್ಟೆ ಅಂಗಡಿ. "ಯಾವ ಸಮುದ್ರರೀ ಯಜಮಾನ್ರ?"

"ಇದ. ನೀ ದಂಡಿ ಮ್ಯಾಲ ನಿಂತೀದಿ."

ಗಾಡಿಯವನು ಪಾಪ ಒಳ್ಳೆಯವನು. ನನ್ನ ಕಡೆ ಬಾಗಿ ಮೆಲ್ಲಗೆ, "ಬಿಸಲ ಭಾಳ ಐತ್ರಿ ಯವ್ವಾ, ಮನಿಗಿ ಕರಕೊಂಡ ಹೋಗ್ರಿ" ಅಂದ. ಎರಡು ಬಾಳೆಹಣ್ಣನ್ನು ಪುಕ್ಕಟೆ ಕೊಟ್ಟ.

ಯಾರಾದರೂ ವಾದಕ್ಕೆ ನಿಂತರೆ ಮೈದುನನ ಹತ್ತಿರ ಪುರಾವೆ ಸಿದ್ಧ. "ನಮ್ಮ ಹೊಳಿ ಹೆಸರೇನು? ಡೋಣಿ. ಡೋಣಿ ಎಲ್ಲಿರತೈತಿ? ಸಮುದ್ರದಾಗ. ನೀರು ಹೆಂಗೈತಿ? ಉಪ್ಪು. ಇನ್ನೇನ ಬೇಕು ನಿನಗ, ತಿಮಿಂಗಲಾ ಬಂದು ಸಹಿ ಹಾಕಬೇಕೇನು?" ಡೋಣಿ ಹೊಳೆಯ ನೀರು ಉಪ್ಪೆಂಬುದು ನಿಜ, ದನ ಕೂಡ ಮುಖ ತಿರುಗಿಸುತ್ತವೆ. ವಾದ ಮಾಡಿದವರು ತಲೆ ಕೆರೆದುಕೊಂಡು ಹೋಗುತ್ತಿದ್ದರು.

ಅಷ್ಟಕ್ಕೇ ಬಿಟ್ಟನೇ? ಭೂತನಾಳದ ಕೆರೆಗೆ ಹೋಗಿ ಎರಡು ಗೂಟ ಹೊಡೆದು ಹಗ್ಗ ಕಟ್ಟುತ್ತಿರುವಾಗ ಕಾವಲಿನವನ ಕೈಗೆ ಸಿಕ್ಕಿಬಿದ್ದ. "ಏನ ಮಾಡಾಕತ್ತೀರಿ?" ಎಂದು ಅವನು ಗದರಿಸಿದಾಗ ಇವನು ಎದೆ ಉಬ್ಬಿಸಿ, "ಕಡಲ ಕೃಷಿ" ಅಂದ.

"ಕಡ್ಲಿ ನೀರಾಗ ಬೆಳೀತೈತೇನ್ರಿ? ಬೇರು ಕೊಳೀತಾವಲ್ರಿ!"

ಮೈದುನ ಹಗ್ಗ ಸುತ್ತಿಕೊಂಡು ಬಂದು ನನ್ನ ಮುಂದೆ ಕೂತು, "ವೈನಿ, ಈ ಊರಾಗ ಕಲಿತವರು ಯಾರೂ ಇಲ್ಲ" ಅಂದ!

ನನಗೆ ಸಾಕಾಯಿತು. ಅತ್ತ ಹುಡುಗಿ ದಿನವೂ ಫೋನು ಮಾಡಿ "ಮುತ್ಯಾ ಏನರ ಅಂದನೇನು" ಎಂದು ಕೇಳುತ್ತಾಳೆ. ಇತ್ತ ಇವನು ಕೆರೆಗೆ ಗೂಟ ಹೊಡೆಯುತ್ತಾನೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೇರವಾಗಿ ಕೇಳಿದೆ: "ಹೂಂ ಅನ್ನಾಕ ನಿನಗೇನ ಧಾಡಿ?"

"ವೈನಿ, ನೀವ ಹೇಳ್ರಿ. ನಮ್ಮೂರು ದಂಡಿ ಮ್ಯಾಲಿದ್ರ ಕೂಸು ದೂರ ಹೋದಂಗ ಆಗತೈತೇನು? ಅದೊಂದು ಗಟ್ಟಿ ಆಗಲಿ, ಹೂಂ ಅಂತೀನಿ."

ಎಂಥ ಲೆಕ್ಕ ನೋಡಿ! ಹುಡುಗಿಯನ್ನು ಸಮುದ್ರಕ್ಕೆ ಕಳಿಸಲು ಮನಸ್ಸಿಲ್ಲದೆ ಸಮುದ್ರವನ್ನೇ ವಿಜಯಪುರಕ್ಕೆ ತರಲು ಹೊರಟಿದ್ದ! ನಾನು ರೊಟ್ಟಿ ತಿರುವಿ ಹಾಕಿದೆ. ಇಂಥವನಿಗೆ ಏನು ಹೇಳುವುದು?

ಕೊನೆಗೆ ಅವರೇ ಬಂದರು, ಸವಿತಾ, ಹುಡುಗ, ಹುಡುಗನ ತಾಯಿ. ಈ ಸಲ ಉತ್ತರ ಕೇಳಿಯೇ ಹೋಗುವುದು ಎಂದು ಬಂದಿದ್ದರು. ನಿಡೋಣಿಯ ಹೊಲ ತೋರಿಸುತ್ತೇನೆ ಎಂದು ಮೈದುನ ಎಲ್ಲರನ್ನೂ ಜೀಪಿನಲ್ಲಿ ಹೊರಡಿಸಿದ. ಬಬಲೇಶ್ವರದ ದಾರಿಯಲ್ಲಿ ಡೋಣಿಯ ಸೇತುವೆ ಬಂದದ್ದೇ, "ನಿಲ್ಲಸು!" ಎಂದು ಕೂಗಿದ.

"ಇಳೀರಿ ಅಕ್ಕಾರ. ನಮ್ಮೂರ ಸಮುದ್ರ ನೋಡ್ರಿ."

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಇಳಿದು, ಸೇತುವೆಯಿಂದ ಬಗ್ಗಿ ನೋಡಿದಳು. ಬೇಸಿಗೆ. ಕೆಸರಿನ ನಡುವೆ ಒಂದು ಗೆರೆ ನೀರು, ಅದರಲ್ಲಿ ಒಂದು ಬೆಳ್ಳಕ್ಕಿ, ಎರಡೂ ದಂಡೆಯ ಜಾಲಿ ಬೇರುಗಳಿಗೆಲ್ಲ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಮರ್ಯಾದಸ್ಥ ಹೆಂಗಸು. "ಅಲೆ ಎಲ್ಲಿದೆ ಅಣ್ಣ?" ಎಂದಷ್ಟೇ ಕೇಳಿದಳು.

"ಬ್ಯಾಸಗಿಗಿ ಸೂಟಿ ಕೊಟ್ಟೀವ್ರಿ!"

ಹುಡುಗ ನಕ್ಕ. ನಾನೂ ನಕ್ಕೆ. ಸವಿತಾ ನಗಲಿಲ್ಲ.

"ಮುತ್ಯಾ, ಈ ನೀರು ಕೃಷ್ಣಾ ಕೂಡಿ ಮೂಡಲ ಸಮುದ್ರಕ್ಕ ಹೋಗತೈತಿ. ಕಾರವಾರ ಇರೂದು ಪಡುವಲಕ್ಕ."

"ಸಮುದ್ರ ಎಲ್ಲಾ ಕೂಡಿ ಒಂದ ಐತಿ. ನಡುವ ಯಾರರ ಗ್ವಾಡಿ ಕಟ್ಟ್ಯಾರೇನು?"

"ಮುತ್ಯಾ." ಅವಳ ದನಿ ಸಣ್ಣದಾಯಿತು. "ದೂರ ಅಂದ್ರ ದೂರನ. ಡೋಣಿ ತೋರಿಸಿ ಹತ್ತರ ಮಾಡಬ್ಯಾಡ. ನಿನಗ ಬ್ಯಾಡಾಗಿದ್ರ ಬ್ಯಾಡ ಅನ್ನು. ನಾ ಇಲ್ಲೇ ಇರ್ತೀನಿ."

ಮೈದುನ ಬೀಗರೆದುರು ಉಟ್ಟು ಬಂದ ಮಡಿಕೆ ಮುರಿಯದ ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ದಂಡೆ ಇಳಿದು, ಕೆಸರಿನಲ್ಲಿ ಕಾಲಿಟ್ಟ. ಜಾಲಿ ಬೇರಿಗೆ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಗಳನ್ನು ಎರಡೂ ಕೈಯಿಂದ ಕೀಳತೊಡಗಿದ.

ನನಗೆ ಸಿಟ್ಟು ಬಂತು. ಸೇತುವೆಯ ಮೇಲಿಂದಲೇ ಕೂಗಿದೆ: "ಹುಡುಗಿ ಕೇಳಾಕತ್ತಿದ್ದೇನು, ನೀ ಮಾಡಾಕತ್ತಿದ್ದೇನು! ಮಂದಿ ನೋಡಾಕತ್ತಾರ, ಮ್ಯಾಲ ಬಾ!"

ಅವನು ತಿರುಗಲಿಲ್ಲ. ಬೆನ್ನು ಮಾಡಿಕೊಂಡೇ ಹೇಳಿದ: "ನೀವ ಹೇಳ್ರಿ ವೈನಿ. ಹೆಣ್ಣ ಕೊಟ್ಟ ಮನಿಗಿ ಇಂಥಾದ್ದ ಕಳಸೂದೇನು?"

ಹೆಣ್ಣು ಕೊಟ್ಟ ಮನೆ. ನಮ್ಮ ಕಡೆ ಹೂಂ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಮಾತಿಲ್ಲ. ಹುಡುಗನ ತಾಯಿಗೆ ಅರ್ಥವಾಯಿತೋ ಇಲ್ಲವೋ, ಸವಿತಾಳಿಗೆ ಆಯಿತು. ಚಪ್ಪಲಿ ಬಿಟ್ಟು ಓಡಿ ಇಳಿದಳು.

"ಹೊಸಾ ಸೀರಿ ಐತಿ ಬೇ, ಮ್ಯಾಲ ಹೋಗು" ಎಂದು ಅವನು ಗದರಿಸುತ್ತಿದ್ದ. ದನಿ ಮಾತ್ರ ಗದರಿಸುವವನ ದನಿಯಾಗಿರಲಿಲ್ಲ. ಅವಳು ಹೋಗಲಿಲ್ಲ, ಅವನ ಪಕ್ಕದಲ್ಲೇ ಬಗ್ಗಿ ಇನ್ನೊಂದು ಬೇರಿಗೆ ಕೈ ಹಾಕಿದಳು.

ನಾನು ಅಳುವ ಪೈಕಿ ಅಲ್ಲ. ಜೀಪಿನಲ್ಲಿ ಬಿದ್ದಿದ್ದ ಗೋಣಿಚೀಲ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ. ಚೀಲದ ಬಾಯಿ ಅಗಲ ಮಾಡಿ ಹಿಡಿದೆ. ಅವರಿಬ್ಬರೂ ತುಂಬುತ್ತ ಹೋದರು. ಬಹಳ ಹೊತ್ತು ನಮ್ಮಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.