ಎರವಲು ಸೇವೆಗೆ ಹೋದ ಬಾತುಗಳು

ರಾಕೆಟ್ ಹಾರಿಸುವುದರಿಂದ ಹಕ್ಕಿಗಳಿಗೆ ಯಾವ ತೊಂದರೆಯೂ ಇಲ್ಲ. ಈ ವಿಷಯವನ್ನು ಕೆರೆ ದಂಡೆಯಲ್ಲಿ ಧ್ವನಿವರ್ಧಕ ಕಟ್ಟಿ ಹಕ್ಕಿಗಳಿಗೇ ತಿಳಿಸಲಾಗಿತ್ತು. ಆದರೂ ಮೊದಲನೇ ರಾಕೆಟ್ಟು ಹಾರಿದ ಮೇಲೆ ಅವು ಹೇಳದೆ ಕೇಳದೆ ಎದ್ದು ಹೋದವು. ಮೀನುಗಳು ಮಾತ್ರ ಶಿಸ್ತಿನಿಂದ ಅಲ್ಲೇ ಉಳಿದವು, ಹೊಟ್ಟೆ ಮೇಲೆ ಮಾಡಿಕೊಂಡು.

ಕೆರೆಯಲ್ಲಿ ಕಾಡುಹಕ್ಕಿ ಕಾಣದಿದ್ದರೆ ಎರಡನೇ ರಾಕೆಟ್ಟಿಗೆ ಅನುಮತಿಯಿಲ್ಲ. ಹಾಗಾಗಿ ರಾಕೆಟ್ ಕಚೇರಿಯ ಸಾಹೇಬರು ನಮ್ಮ ಮನೆಗೆ ಬಂದರು.

"ಅಜ್ಜಿ, ನಿಮ್ಮ ಬಾತುಗಳನ್ನ ಎರವಲು ಸೇವೆಗೆ ಕಳಿಸಿಕೊಡಿ. ಪರೀಕ್ಷಕರು ಬಂದು ಹೋಗೋವರೆಗೂ ಅವು ಕಾಡುಹಕ್ಕಿಗಳು."

"ಅಯ್ಯೋ, ನನ್ನ ಗಯ್ಯಾಳಿ ಒಲೆ ಪಕ್ಕ ಬಿಟ್ಟು ಮಲಗೋಳಲ್ಲ ಕಣಪ್ಪಾ!" ಎಂದೆ. ಗಯ್ಯಾಳಿ ಎಂದರೆ ನನ್ನ ಹಿರೀ ಬಾತು. "ರಾಕೆಟ್ ಹಾರೋದರೊಳಗೆ ವಾಪಸ್ ಕೊಡ್ತೀಯಾ? ಆ ಹೊಗೆ ಕುಡಿದರೆ ಅವಳು ಉಳಿಯಲ್ಲ."

"ಹೊಗೆ ಅನ್ನಬಾರದು ಅಜ್ಜಿ. ಈಗ ಅದಕ್ಕೆ ತಾತ್ಕಾಲಿಕ ಮೋಡ ಅಂತಾರೆ."

ಅಂತೂ ಬಾತುಗಳು ಕೆರೆಗಿಳಿದವು. ರಾಕೆಟ್ಟಿನ ಹಿಂದಿನ ದಿನ ಪರೀಕ್ಷಕರು ದುರ್ಬೀನು ಹಿಡಿದು ಬಂದರು. "ಬಹಳ ದೂರದಿಂದ ವಲಸೆ ಬಂದಿವೆ ಸಾರ್," ಎಂದರು ಸಾಹೇಬರು. ದೂರ ಎಂದರೆ ನಮ್ಮ ಹಿತ್ತಲು.

ಸಂಜೆಯಾಯಿತು. ಪರೀಕ್ಷಕರು ಇನ್ನೂ ದಂಡೆ ಬಿಟ್ಟು ಕದಲಿರಲಿಲ್ಲ. ಬಾತು ವಾಪಸ್ ಕೊಡುವ ಮಾತೇ ಇಲ್ಲ. ಬೆಳಗಾದರೆ ಮೋಡ! ನನಗೆ ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ನಿಂತು "ಬಾ ಬಾ ಬಾ!" ಎಂದು ಕೂಗಿಯೇಬಿಟ್ಟೆ. ವಲಸೆ ಹಕ್ಕಿಗಳೆಲ್ಲ ದಡಬಡ ನೀರು ಬಿಟ್ಟು, ಪರೀಕ್ಷಕರ ಕಾಲ ಸಂದಿಯಲ್ಲಿ ನುಸುಳಿ, ಸಾಲಾಗಿ ನಮ್ಮ ಅಡುಗೆಮನೆ ಸೇರಿದವು.

ಸಾಹೇಬರು ಬೆವರಿದರು. ಪರೀಕ್ಷಕರು ಗಂಭೀರವಾಗಿ ಕೇಳಿದರು: "ಕಾಡುಹಕ್ಕಿಗಳು ತಾವಾಗಿಯೇ ಹೋಗಿ ಸೇರೋ ಜಾಗಕ್ಕೆ ಏನಂತಾರ್ರೀ?"

"ಅಭಯಾರಣ್ಯ... ಸಾರ್."

ಹೀಗೆ ನಮ್ಮ ಅಡುಗೆಮನೆಯನ್ನು ಅಭಯಾರಣ್ಯವೆಂದು ಘೋಷಿಸಲಾಯಿತು, ರಾಕೆಟ್ಟಿಗೆ ಅನುಮತಿಯೂ ಸಿಕ್ಕಿತು. ಅಭಯಾರಣ್ಯದಲ್ಲಿ ಮನುಷ್ಯರು ವಾಸಿಸುವಂತಿಲ್ಲ.

"ಮತ್ತೆ ನಾನು?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಒಳಗಿರೋದೆಲ್ಲ ವನ್ಯಜೀವಿನೇ ಅಜ್ಜಿ," ಎಂದರು ಪರೀಕ್ಷಕರು.

ಸೊಸೆ ಬಾಗಿಲ ಹಿಂದಿನಿಂದ, "ನಾನು ಈ ಮನೆಗೆ ಬಂದ ದಿನದಿಂದ ಅದನ್ನೇ ಹೇಳ್ತಿದ್ದೀನಿ!" ಎಂದಳು.

ಈಗ ಗಯ್ಯಾಳಿ ಒಲೆ ಪಕ್ಕ ಸುಖವಾಗಿದ್ದಾಳೆ. ಸೊಸೆ ಪಾಸು ತೋರಿಸಿ ಒಳಗೆ ಬಂದು ಅಡುಗೆ ಮಾಡುತ್ತಾಳೆ. ನನಗೆ ಕಾಳು ಹಾಕಬಾರದೆಂದು ಹೊರಗೆ ಫಲಕವಿದೆ. ರಾಕೆಟ್ ಹಾರುವ ದಿನ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾತುಗಳನ್ನು ಬುಟ್ಟಿಯಡಿ ಮುಚ್ಚಿ ಕೂರುತ್ತೇನೆ. ಮೋಡ ಕರಗಿದ ಮೇಲೆ ಪರೀಕ್ಷಕರು ಬಂದು ಕಿಟಕಿ ತಟ್ಟುತ್ತಾರೆ.

"ಅಜ್ಜಿ, ಇದ್ದೀರಾ?"

"ಖೊಕ್ ಖೊಕ್ ಖೊಕ್!" ಎಂದು ಕೆಮ್ಮುತ್ತೇನೆ.

"ವನ್ಯಜೀವಿ ಕ್ಷೇಮ," ಎಂದು ಅವರು ಸಾಹೇಬರಿಗೆ ಸಂತೋಷದಿಂದ ಹೇಳುತ್ತಾರೆ, "ಮೊದಲಿಗಿಂತ ಜೋರಾಗಿ ಕೂಗ್ತಿದೆ."