ಒಂದೇ ಕಾಯಿಗೆ ಎರಡು ಭಾಷಣ

ಪೇಟೆಯವರು ಹಳ್ಳಿಗೆ ಓಟು ಕೇಳಲು ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಚುನಾವಣೆ ಬಂದಾಗಲೆಲ್ಲ ಬಾಡಿಗೆ ಜೀಪು ಓಡಿಸುತ್ತಿದ್ದ ನಾನು ಅದನ್ನೆಲ್ಲ ಸ್ಟೇರಿಂಗ್ ಹಿಂದೆ ಕೂತು ನೋಡಿದವನು. ನಮ್ಮ ಸಾಹೇಬರು ಬೆಂಗಳೂರಿನಲ್ಲಿ ಓದಿ ಬೆಳೆದು, ಚಿಕ್ಕನಾಯಕನಹಳ್ಳಿ ಪೇಟೆಯಲ್ಲಿ ಮನೆ ಕಟ್ಟಿಕೊಂಡವರು. ರೈತರ ಮೇಲಿನ ಪ್ರೀತಿ ಅವರಿಗೆ ಐದು ವರ್ಷಕ್ಕೊಮ್ಮೆ ಜ್ವರದ ಹಾಗೆ ಬರುತ್ತಿತ್ತು. ಮತ ಎಣಿಕೆ ಮುಗಿದ ದಿನ ತಾನಾಗಿಯೇ ವಾಸಿಯಾಗುತ್ತಿತ್ತು.

ಎಳೇಕಾಯಿ

ಮೊದಲ ಸಲ ಚುನಾವಣೆಗೆ ನಿಂತಾಗ ಕಂದಿಕೆರೆಗೆ ಹೋದೆವು. ಜಗಲಿ ಮೇಲೆ ಕೂತಿದ್ದ ಅಜ್ಜಿಗೆ ಸಾಹೇಬರು ಕೈ ಮುಗಿದು, "ಈ ಸಲ ಕೊಬ್ಬರಿ ಯಾವಾಗ ಕೀಳ್ತೀರಮ್ಮ?" ಅಂದರು.

"ಕೊಬ್ಬರಿ ಕೀಳಾದಲ್ಲ ಕಣಪ್ಪ. ಕಾಯಿನ ವರ್ಷಗಟ್ಟಲೆ ಅಟ್ಟದ ಮ್ಯಾಲೆ ಹಾಕಿದ್ರೆ ಒಳಗೊಳಗೇ ಒಣಗಿ ಕೊಬ್ಬರಿ ಆಯ್ತದೆ."

"ವರ್ಷಗಟ್ಟಲೆಯಾ? ಛೇ! ನನ್ನ ಗೆಲ್ಲಿಸಿ, ಒಂದೇ ತಿಂಗಳಲ್ಲಿ ಆಗೋ ಹಾಗೆ ಯೋಜನೆ ತರ್ತೀನಿ."

ಅಜ್ಜಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿತು. "ಡ್ರೈವರಪ್ಪ, ಇವ್ರು ಇನ್ನೂ ಎಳೇಕಾಯಿ ಕಣಪ್ಪ. ಒಂದ್ವರ್ಷ ಅಟ್ಟಕ್ಕೆ ಹಾಕಿ, ಆಮ್ಯಾಕೆ ಕರ್ಕಂಬಾ."

ಲೈನಲ್ಲಿ ಇರಿ

ಮುಂದಿನ ಸಲ ಹೇಗೋ ಗೆದ್ದರು. ಅಷ್ಟೊತ್ತಿಗೆ ಮೊಬೈಲ್ ಬಂದಿತ್ತು. "ಯಾವಾಗ ಬೇಕಾದ್ರೂ ಫೋನ್ ಮಾಡಿ" ಅಂತ ಊರೂರಿಗೆ ನಂಬರ್ ಹಂಚಿದರು. ಸಿಗ್ನಲ್ ಮಾತ್ರ ಪೇಟೆಯಲ್ಲೇ ಉಳಿದಿತ್ತು.

ಗೆದ್ದ ಮೇಲೂ ಆಗಾಗ ನನ್ನ ಜೀಪನ್ನೇ ಕರೆಸುತ್ತಿದ್ದರು. ಹಾಗೆ ಒಂದು ದಿನ ಜೀಪಿನಲ್ಲಿದ್ದಾಗ ಅವರಿಗೆ ಫೋನ್ ಬಂತು. ಬೋರನಕಣಿವೆ ಕಡೆಯ ರೈತನೊಬ್ಬ ಟ್ರಾನ್ಸ್‌ಫಾರ್ಮರ್ ಸುಟ್ಟು ಹದಿನೈದು ದಿನ ಆಯ್ತು, ಸಸಿಗಳೆಲ್ಲ ಒಣಗ್ತಾವೆ ಅಂತ ಕೂಗುತ್ತಿದ್ದ. ಅಷ್ಟರಲ್ಲಿ ಪೇಟೆಯ ಯಾರೋ ದೊಡ್ಡವರು ಎದುರಾದರು. ಸಾಹೇಬರು, "ಒಂದ್ನಿಮಿಷ, ಲೈನಲ್ಲೇ ಇರಪ್ಪ" ಅಂದು ಹರಟೆಗೆ ಇಳಿದರು. ಹತ್ತು ನಿಮಿಷ ಆಯಿತು. ತಿರುಗಿ ಕಿವಿಗಿಟ್ಟುಕೊಂಡು, "ಲೈನಲ್ಲಿದ್ದೀಯೇನಪ್ಪ?" ಅಂದರು.

ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು. "ಲೈನಲ್ಲಿ ಕರೆಂಟೇ ಇಲ್ಲ ಅಂತ ತಾನೆ ಸ್ವಾಮಿ ಹೇಳ್ತಿರಾದು! ಸಿಗ್ನಲ್ ಸಿಗ್ಲಿ ಅಂತ ತೆಂಗಿನಮರದಾಗೆ ನೇತಾಡ್ತಿವ್ನಿ, ಬ್ಯಾಗ ಹೇಳಿ!"

ಎರಡು ಕಾಗದ

ಮೂರನೇ ಸಲ ಸಾಹೇಬರು ಪಳಗಿದ್ದರು. ಪೇಟೆಯ ಹೆಂಗಸರಿಗೆ ತೆಂಗಿನಕಾಯಿ ಅಗ್ಗವಾಗಬೇಕು, ಕಾಯಿ ಬೆಳೆದು ಮಾರುವ ಹಳ್ಳಿಯವರಿಗೆ ದುಬಾರಿಯಾಗಬೇಕು. ಅದಕ್ಕೇ ಎರಡು ಭಾಷಣ ಬರೆಸಿ ನನ್ನ ಕೈಗೆ ಕೊಟ್ಟಿದ್ದರು. ಬೆಳಿಗ್ಗೆ ಪೇಟೆ, ಮಧ್ಯಾಹ್ನ ಹಳ್ಳಿ. ಅವತ್ತು ಪೇಟೆಯ ಸಭೆ ಮುಂದಕ್ಕೆ ಹೋಯಿತು. ಸೀದಾ ಕೆಂಕೆರೆಗೆ ಹೋದೆವು. ನಾನು ಅಭ್ಯಾಸಬಲದಿಂದ ಮೇಲಿದ್ದ ಕಾಗದವನ್ನೇ ಕೊಟ್ಟೆ. ಸಾಹೇಬರು ಮೈಕ್ ಹಿಡಿದು ಗುಡುಗಿದರು: "ತೆಂಗಿನಕಾಯಿ ಬೆಲೆ ಇಳಿಯಲೇಬೇಕು!"

ಸಭೆಯಲ್ಲಿ ಗುಸುಗುಸು ಎದ್ದಿತು. ಅದು ಪೇಟೆಗೆ ಬರೆಸಿದ ಕಾಗದ. ಸಾಹೇಬರು ಹಲ್ಲು ಕಚ್ಚಿ, "ಇನ್ನೊಂದು ಕಾಗದ ಕೊಡೋ" ಅಂದರು. ಓಡಿ ಹೋಗಿ ಕೊಟ್ಟೆ. ಏನೂ ಆಗದವರಂತೆ ಗಂಟಲು ಸರಿ ಮಾಡಿಕೊಂಡು, "ತೆಂಗಿನಕಾಯಿ ಬೆಲೆ ಏರಲೇಬೇಕು!" ಅಂದರು.

ಮುಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಟವಲ್ ಕೊಡವಿ ಎದ್ದರು.

"ಇಳೀಬೇಕು ಅಂದೋರೂ ನೀವೇ, ಏರಬೇಕು ಅಂದೋರೂ ನೀವೇ. ಎರಡೂ ಈಗ್ಲೇ ಆಗ್ಲಿ ಬುಡಿ. ಸ್ಟೇಜ್ ಇಳೀರಿ, ಜೀಪ್ ಏರಿ!"