ಚಾವಿಗಾಗಿ ತೆಗೆಸಿದ ಮೆದುಳಿನ ಪಟ

ನನ್ನ ತಲೆ ಸರಿಯಾಗಿದೆ ಎಂಬ ವಿಷಯದಲ್ಲಿ ನನಗೆ ಅರವತ್ತಾರು ವರ್ಷಗಳಿಂದ ಯಾವ ಸಂಶಯವೂ ಇರಲಿಲ್ಲ. ಸಂಶಯ ಬಂದದ್ದು ನನ್ನ ಹೆಂಡತಿ ಗೌರಮ್ಮನಿಗೆ. ಅದೂ ಒಂದು ಸ್ಕೂಟರಿನ ದೆಸೆಯಿಂದ.

ನಡೆದದ್ದು ಇಷ್ಟು. ಬಳ್ಳಾರಿಯ ನಮ್ಮ ಮನೆಯಿಂದ ಕುರುಗೋಡಿಗೆ, ಗೌರಮ್ಮನ ತಮ್ಮ ಈರಣ್ಣನ ಮನೆಗೆ ಸ್ಕೂಟರಿನಲ್ಲಿ ಹೋಗಿದ್ದೆ. ವಾಪಸು ಬರುವಾಗ ಅಲ್ಲಿನ ಬಸ್ ನಿಲ್ದಾಣದೆದುರು ಚಹಾಕ್ಕೆಂದು ಗಾಡಿ ನಿಲ್ಲಿಸಿದೆ. ಸಿಕ್ಕವರು ಹುಸೇನ್ ಸಾಬರು. ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ನಾನು ಶಿರಸ್ತೇದಾರನಾಗಿದ್ದಾಗ ಅವರದು ನನ್ನ ಪಕ್ಕದ ಮೇಜು. ಒಂದು ಅಕ್ಕಿ ಗಿರಣಿಯ ಹಿಂದಿನ ಜಾಗಕ್ಕಾಗಿ ಇಬ್ಬರು ಅಣ್ಣತಮ್ಮಂದಿರು ಬಡಿದಾಡಿದ ಕತೆ ಶುರು ಮಾಡಿದರು. ಕತೆ ರಸವತ್ತಾದ ಜಾಗಕ್ಕೆ ಬರುವುದಕ್ಕೂ ಬಳ್ಳಾರಿ ಬಸ್ಸು ಬರುವುದಕ್ಕೂ ಸರಿಹೋಯಿತು. ಅವರು ಹೇಳುತ್ತಲೇ ಹತ್ತಿದರು. ನಾನು ‘ಹೂಂ’ ಎನ್ನುತ್ತಲೇ ಹತ್ತಿದೆ. ಹೇಳುವವರನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಕಂದಾಯ ಇಲಾಖೆಯ ಸಂಪ್ರದಾಯವಲ್ಲ.

ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಗೌರಮ್ಮ ಕೇಳಿದಳು.

“ಗಾಡಿ ಸಪ್ಪಳನ ಕೇಳ್ಲಿಲ್ಲಲ್ರಿ?”

“ಹೊರಗ ನಿಲ್ಸೀನಿ.”

ಅವಳು ಬಾಗಿಲಿಗೆ ಹೋಗಿ ಆ ಕಡೆ ಈ ಕಡೆ ನೋಡಿ ಒಳಗೆ ಬಂದಳು.

“ಎಷ್ಟು ಹೊರಗ?”

ಮಾರನೆಯ ದಿನ ಈರಣ್ಣ, ಚಾವಿಯ ಸಮೇತ ಅಲ್ಲೇ ನಿಂತಿದ್ದ ಗಾಡಿಯನ್ನು ತಂದುಕೊಟ್ಟ. ಸುಮ್ಮನೆ ಕೊಟ್ಟು ಹೋಗಿದ್ದರೆ ಅವನಿಗೆ ಪುಣ್ಯ ಬರುತ್ತಿತ್ತು. “ಅಕ್ಕಾ, ಮಾವಾರದ್ದು ಸ್ವಲ್ಪ ನೋಡ್ಕೊ. ಇವತ್ತು ಗಾಡಿ ಬಿಟ್ಟು ಬಂದಾರ. ನಾಳಿ ನಿನ್ನ ಕರ್ಕೊಂಡು ಬಂದು ನಿನ್ನೂ ಬಿಟ್ಟು ಹೋಗ್ತಾರ,” ಎಂದ.

“ಅಂಥಾ ನಸೀಬು ನಂದೆಲ್ಲಿ ಐತೋ,” ಎಂದಳು ಗೌರಮ್ಮ. ಎಂದವಳೇ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮರೆವು ಶುರುವಾದ ಮನುಷ್ಯ ರಸ್ತೆಯಲ್ಲಿ ಬ್ರೇಕು ಎಲ್ಲಿದೆ ಎಂಬುದನ್ನೂ ಮರೆಯಬಹುದು ಎಂಬುದು ಅವಳ ವಾದ. ಹುಸೇನ್ ಸಾಬರ ಕತೆಯನ್ನು ಸಾಕ್ಷಿಯಾಗಿ ಒದಗಿಸಿದೆ. ಅಣ್ಣತಮ್ಮಂದಿರ ಹೆಸರು, ಜಾಗದ ಚೆಕ್ಕುಬಂದಿ ಎಲ್ಲ ಹೇಳಿದೆ. “ಅದೆಲ್ಲಾ ನೆನಪೈತಿ. ಗಾಡಿ ಒಂದ ನೆನಪಿಲ್ಲ,” ಎಂದಳು. ಸಾಕ್ಷಿ ಪ್ರತಿಕೂಲವಾಯಿತು.

ನೌಕರಿ ಮುಗಿದ ಮನುಷ್ಯನಿಗೆ ಉಳಿಯುವ ಅಧಿಕಾರ ಸ್ಕೂಟರ್ ಒಂದೇ. ಅದಿದ್ದರೆ ‘ಕೆಲಸದ ಮೇಲೆ ಹೋಗಿ ಬರುತ್ತೇನೆ’ ಎನ್ನಬಹುದು. ಇಲ್ಲದಿದ್ದರೆ ಕೊತ್ತಂಬರಿ ತರಲು ನಡೆದುಕೊಂಡು ಹೋಗಬೇಕು. ಮೂರು ವಾರ ಕೊತ್ತಂಬರಿ ತಂದೆ.

ಆಗ ದಾರಿ ತೋರಿಸಿದವಳು ಎದುರು ಮನೆಯ ಸುಜಾತಾ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ವಿಭಾಗದ ಡಾಕ್ಟರು. ನಾನು ಎತ್ತಿ ಆಡಿಸಿದ ಹುಡುಗಿ. ಮೆದುಳು ಮತ್ತು ಬೆನ್ನುಹುರಿಯ ಪಟಗಳ ಮೇಲೆ ಅವಳದೊಂದು ಸಂಶೋಧನೆ ನಡೆದಿತ್ತು.

“ಮಾಮಾ, ರೋಗ ಇದ್ದವರ ಪಟ ನಮ್ಮ ಹತ್ರ ಬೇಕಾದಷ್ಟು ಅದಾವ. ಅರವತ್ತು ದಾಟಿ ಆರಾಮಿದ್ದವರದ್ದು ಸಿಗವಲ್ವು. ಆರಾಮಿದ್ದ ತಲಿ ಹೆಂಗಿರ್ತೈತಿ ಅಂತ ಕಂಪ್ಯೂಟರಿಗೆ ಕಲಿಸಬೇಕು. ನೀವು ಬರ್ತೀರೇನು?”

ನನಗೆ ಅರ್ಥವಾದದ್ದು ಇಷ್ಟು: ಒಂದು ಯಂತ್ರಕ್ಕೆ ಸರಿಯಾದ ತಲೆ ಎಂದರೇನು ಎಂಬುದನ್ನು ತೋರಿಸಲು ನನ್ನ ತಲೆಯನ್ನು ಮಾದರಿಯಾಗಿ ಇಡುತ್ತಾರೆ. ಇನ್ನು ಚಾವಿ ಎಷ್ಟರ ಮಾತು?

“ಇದು ನಿಮಗ ಮಾಡೋ ಪರೀಕ್ಷೆ ಅಲ್ಲ, ಸಂಶೋಧನೆ,” ಎಂದೂ ಅವಳು ಹೇಳಿದಳು. ನಾನು ತಲೆಯಾಡಿಸಿದೆ. ಕಚೇರಿಯ ಭಾಷೆಯಲ್ಲಿ ತಲೆಯಾಡಿಸಿದರೆ ಕೇಳಿಸಿತು ಎಂದು ಅರ್ಥ, ತಿಳಿಯಿತು ಎಂದಲ್ಲ.

ಗೌರಮ್ಮನೂ ಕರಾರಿಗೆ ಒಪ್ಪಿದಳು. “ಪಟದಾಗ ತಲಿ ಸರಿ ಐತಿ ಅಂತ ಬಂತಂದ್ರ ಅಲ್ಲೇ ಚಾವಿ ಕೊಡ್ತೀನಿ. ಇಲ್ಲಾಂದ್ರ ಮತ್ತ ಗಾಡಿ ಸುದ್ದಿ ತೆಗೀಬಾರ್ದು.”

ಆಸ್ಪತ್ರೆಯಲ್ಲಿ ಮೊದಲು ಕೊಟ್ಟದ್ದು ಒಂದು ಫಾರಂ. ಜೀವಮಾನವೆಲ್ಲ ಬೇರೆಯವರ ಫಾರಂಗಳಲ್ಲಿ ತಪ್ಪು ಹುಡುಕಿದವನು ನಾನು. ‘ದೇಹದೊಳಗೆ ಲೋಹದ ವಸ್ತು ಇದೆಯೇ?’ ಎಂಬ ಪ್ರಶ್ನೆಗೆ ಜನ ‘ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಾರಂತೆ. ನಾನು ಹಾಗೆ ಬೇಜವಾಬ್ದಾರಿಯಿಂದ ಬರೆಯಲಿಲ್ಲ. ‘ನಾಲ್ಕನೆಯ ತರಗತಿಯಲ್ಲಿದ್ದಾಗ ಎಡಗಾಲಿಗೆ ಸೂಜಿ ಚುಚ್ಚಿ ಮುರಿದಿದ್ದು, ಅದರ ಅರ್ಧ ಭಾಗ ಸಿಕ್ಕಿರುತ್ತದೆ, ಉಳಿದರ್ಧದ ಬಗ್ಗೆ ದಾಖಲೆ ಲಭ್ಯವಿರುವುದಿಲ್ಲ’ ಎಂದು ಬರೆದು ಸಹಿ ಮಾಡಿದೆ.

ಪಟ ತೆಗೆಯುವ ಯಂತ್ರದೊಳಗಿರುವುದು ಭಾರೀ ಅಯಸ್ಕಾಂತವಂತೆ. ಮೈಯೊಳಗಿದ್ದ ಸೂಜಿ ಜರುಗಿದರೆ ಅಪಾಯವಂತೆ. ಫಾರಂ ನೋಡಿದ ಸುಜಾತಾ ನನ್ನನ್ನು ಕಾಲಿನ ಎಕ್ಸ್-ರೇಗೆ ಕಳಿಸಿದಳು. ಮೆದುಳು ತೋರಿಸಲು ಹೋದವನು ಒಂದೂವರೆ ತಾಸು ಪಾದ ಹಿಡಿದುಕೊಂಡು ಸಾಲಿನಲ್ಲಿ ಕೂತೆ. ಸೂಜಿ ಇರಲಿಲ್ಲ.

“ಐವತ್ತೈದು ವರ್ಷ ಆತಲ್ಲ. ಮ್ಯಾಲೇರಿ ತಲಿಗೆ ಹೋಗಿರಬೇಕು. ಅಲ್ಲೇ ಸಿಗ್ತೈತಿ ಬಿಡ್ರಿ,” ಎಂದು ಗೌರಮ್ಮ ಸಮಾಧಾನ ಹೇಳಿದಳು.

ಉಂಗುರ, ಕನ್ನಡಕ, ಬೆಳ್ಳಿಯ ಉಡದಾರ ಎಲ್ಲ ಅವಳ ವಶಕ್ಕೆ ಹೋದವು. ಯಂತ್ರದ ಕೋಣೆಗೆ ಹೋಗುವ ಮುಂಚೆ ಸುಜಾತಾಳನ್ನು ಪಕ್ಕಕ್ಕೆ ಕರೆದು, ಒಳಗೆ ನಾನು ಏನು ಯೋಚಿಸುತ್ತೇನೋ ಅದು ಪಟದಲ್ಲಿ ಬೀಳುತ್ತದೆಯೇ ಎಂದು ಮೆಲ್ಲಗೆ ಕೇಳಿದೆ.

“ಇಲ್ಲ ಮಾಮಾ. ಯಾವ ಭಾಗ ಕೆಲಸ ಮಾಡಾಕತ್ತೈತಿ ಅನ್ನೋದಷ್ಟ ಗೊತ್ತಾಗತೈತಿ. ಏನು ವಿಚಾರ ಮಾಡಾಕತ್ತೀರಿ ಅನ್ನೋದು ಗೊತ್ತಾಗಂಗಿಲ್ಲ.”

ನಿಟ್ಟುಸಿರು ಬಿಟ್ಟೆ. ನಾಲ್ಕು ಹೆಜ್ಜೆ ದೂರದಲ್ಲಿ ಗೌರಮ್ಮನೂ ನಿಟ್ಟುಸಿರು ಬಿಟ್ಟಳು. ಅವಳದು ನಿರಾಶೆಯದು.

ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ತಲೆಗೆ ಪಂಜರದಂಥದ್ದು ಹಾಕಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಆಮೇಲೆ ಶುರುವಾಯಿತು ನೋಡಿ, ತಲೆದಿಂಬಿನ ಪಕ್ಕದಲ್ಲೇ ಬೋರ್‌ವೆಲ್ ಕೊರೆದಂತೆ. ಅದರ ನಡುನಡುವೆ ಹೆಡ್‌ಫೋನಿನಲ್ಲಿ ಸುಜಾತಾಳ ದನಿ.

“ಮಾಮಾ, ಇನ್ನ ಐದು ನಿಮಿಷ ಸಪ್ಪಳ ಬರ್ತೈತಿ. ಅಲ್ಲಾಡಬ್ಯಾಡ್ರಿ.”

ಆಗಲಿ ಎಂದು ತಲೆಯಾಡಿಸಿದೆ.

ಇಲ್ಲಿ ಒಂದು ಮಾತು ನಿವೇದಿಸಿಕೊಳ್ಳಬೇಕು. ಸೇವೆಯ ಉದ್ದಕ್ಕೂ ನಾನು ತಹಶೀಲ್ದಾರರ ಮುಂದೆ ನಿಂತವನು. ಅವರು ಬಾಯಿ ತೆರೆದರೆ ನನ್ನ ಕತ್ತು ಅಲ್ಲಾಡಬೇಕು. ಅದಕ್ಕೆ ನನ್ನ ಅನುಮತಿ ಬೇಕಿಲ್ಲ. ನೌಕರಿಯಿಂದ ನಾನು ನಿವೃತ್ತನಾದೆ, ಕತ್ತು ಆಗಿರಲಿಲ್ಲ.

“ಮಾಮಾ, ಅಲ್ಲಾಡಾಕತ್ತೀರಿ. ಅಲ್ಲಾಡಬ್ಯಾಡ್ರಿ.”

ತಪ್ಪಾಯಿತು ಎಂದು ಎರಡು ಸಲ ತಲೆಯಾಡಿಸಿದೆ.

“ಮಾಮಾ, ತಲಿ ಹಂದಬಾರದು. ಒಂದೀಟೂ ಹಂದಬಾರದು. ತಿಳೀತಲ್ಲ?”

ಚೆನ್ನಾಗಿ ತಿಳಿಯಿತು ಎಂಬುದು ಅವಳಿಗೂ ಚೆನ್ನಾಗಿ ತಿಳಿಯಲೆಂದು ಕೊಂಚ ಜೋರಾಗಿಯೇ ಆಡಿಸಿದೆ.

ಇಷ್ಟು ಮುಗಿದ ಮೇಲೆ ಇನ್ನೊಂದು ಅಪ್ಪಣೆಯಾಯಿತು. “ಈಗ ಏನೂ ವಿಚಾರ ಮಾಡದ ಸುಮ್ಮನ ಬಿದ್ಕೊಳ್ರಿ. ಖಾಲಿ ಇದ್ದಾಗ ಮೆದುಳಿನ ಯಾವ ಭಾಗ ಯಾವ ಭಾಗದ ಜೋಡಿ ಮಾತಾಡತೈತಿ ಅಂತ ನೋಡ್ತೀವಿ.” ವಿಚಾರವೇ ಇಲ್ಲದಿದ್ದರೆ ಮಾತೆಲ್ಲಿಂದ ಬಂತು ಎಂದು ಗೊಂದಲವಾಯಿತು. ಆಮೇಲೆ ನಮ್ಮ ಕಚೇರಿ ನೆನಪಾಯಿತು. ಸಾಹೇಬರು ಕ್ಯಾಂಪಿಗೆ ಹೋದಾಗಲೇ ಮೇಜು ಮೇಜುಗಳ ನಡುವೆ ಮಾತು ಹೆಚ್ಚು. ವಿಜ್ಞಾನ ಇದನ್ನು ಈಗ ಕಂಡುಹಿಡಿಯುತ್ತಿದೆಯಲ್ಲ ಎಂದು ಖುಷಿಯಾಗಿ, ಯಾರೂ ಕೇಳದಿದ್ದರೂ ಒಮ್ಮೆ ತಲೆಯಾಡಿಸಿದೆ.

ಹೊರಗೆ ಬಂದಾಗ ಸುಜಾತಾ ಪರದೆಯ ಮುಂದೆ ಕೂತು ಕೆನ್ನೆಗೆ ಕೈ ಹಚ್ಚಿದ್ದಳು. ಪಕ್ಕದಲ್ಲಿ ಗೌರಮ್ಮ. ಪರದೆಯ ಮೇಲೆ ಅಚ್ಚು ಕೆಟ್ಟ ಕ್ಯಾಲೆಂಡರಿನ ಚಿತ್ರದಂತೆ ಒಂದರ ಮೇಲೊಂದು ಜಾರಿದ ನಾಲ್ಕು ತಲೆಗಳು. ಬೆನ್ನುಹುರಿ ಇರಬೇಕಾದಲ್ಲಿ, ಅದೂ ಕತ್ತಿನ ಭಾಗದಲ್ಲಿ, ಹರಿಯುವ ನೀರಿನಲ್ಲಿ ಬಿದ್ದ ಹಗ್ಗದಂಥದ್ದು ಏನೋ.

“ನಾಕು ಕಾಣಾಕತ್ತಾವಲ್ಲ?” ಗೌರಮ್ಮ ಕೇಳಿದಳು.

“ತಲಿ ಅಲ್ಲಾಡಿಸ್ಯಾರ ಅತ್ತಿ. ಅದಕ್ಕ ಹಂಗ ಬಂದೈತಿ.”

“ಒಂದರ ಜೋಡೀನ ಏಗಾಕಾಗವಲ್ದು ನನಗ.”

ಆರಾಮಿದ್ದವರ ಪಟ್ಟಿಗೆ ಈ ಪಟ ಸೇರಿಸಲಾಗದು ಎಂದು ಸುಜಾತಾ ನಯವಾಗಿ ಹೇಳಿದಳು. ಇದರಲ್ಲಿ ಮೆದುಳು ಸರಿ ಇದೆಯೋ ಇಲ್ಲವೋ ಯಾರೂ ಹೇಳಲಾರರಂತೆ. ಯಂತ್ರದ ಸಮಯ ಮುಗಿದಿತ್ತು. ಇನ್ನೊಮ್ಮೆ ತೆಗೆಯಲು ತಿಂಗಳುಗಟ್ಟಲೆ ಸಾಲು. ಗೌರಮ್ಮ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

ಅಷ್ಟರಲ್ಲಿ ಸುಜಾತಾಳ ಜೊತೆ ಕೆಲಸ ಮಾಡುವ ಒಬ್ಬ ಡಾಕ್ಟರು ಬಗ್ಗಿ ಪರದೆ ನೋಡಿದರು. ಅವರ ಮುಖ ಅರಳಿತು. ಅವರದು ಬೇರೆ ಸಂಶೋಧನೆ. ಅಲ್ಲಾಡಿ ಕೆಟ್ಟ ಪಟಗಳನ್ನು ಕಂಪ್ಯೂಟರಿನಿಂದ ಸರಿಪಡಿಸುವುದು. ಅದಕ್ಕೆ ಅವರಿಗೆ ಕೆಟ್ಟ ಪಟಗಳು ಬೇಕಾಗಿದ್ದವು.

“ಜನ ಸ್ವಲ್ಪ ಸ್ವಲ್ಪ ಅಲ್ಲಾಡ್ತಾರ್ರಿ. ಇಷ್ಟು ಕೆಟ್ಟದ್ದು ನಮಗ ಸಿಗೋದ ಇಲ್ಲ,” ಎಂದು ಅವರು ನನ್ನ ಕೈ ಕುಲುಕಿದರು. ಒಪ್ಪಿಗೆಯ ಹೊಸ ಫಾರಂ ಕೊಟ್ಟರು. ಹೀಗೆ ನಾನು ಸರಿಯಾದ ತಲೆಯ ಮಾದರಿಯಾಗಲು ಹೋಗಿ, ಕೆಟ್ಟ ಪಟದ ಮಾದರಿಯಾಗಿ ವಿಜ್ಞಾನ ಸೇವೆಗೆ ಹಾಜರಾದೆ.

ಎರಡು ವಾರದ ಮೇಲೆ ಸುಜಾತಾ ಎರಡು ಪಟಗಳ ಪ್ರಿಂಟ್ ತಂದುಕೊಟ್ಟಳು. ಒಂದರಲ್ಲಿ ನನ್ನ ನಾಲ್ಕು ತಲೆಗಳು. ಇನ್ನೊಂದರಲ್ಲಿ ಅದೇ ಪಟ, ಕಂಪ್ಯೂಟರು ಸರಿಪಡಿಸಿದ ಮೇಲೆ. ಸ್ವಾಮಿ, ಏನು ಮೆದುಳು ಅದು! ಅಂಚು ಅಂಚು ಸ್ಪಷ್ಟ, ಮಡಿಕೆ ಮಡಿಕೆ ಓರಣ. ನನಗೆ ಹೋದ ಜೀವ ಬಂದಂತಾಯಿತು. ಎರಡನೆಯದನ್ನು ಮಾತ್ರ ಎತ್ತಿ ಗೌರಮ್ಮನ ಮುಂದೆ ಹಿಡಿದು, ಬಲಗೈಯನ್ನು ಚಾವಿಗೆ ಚಾಚಿದೆ.

“ತಡೀರಿ ಮಾಮಾ,” ಎಂದಳು ಸುಜಾತಾ. ಸತ್ಯ ಹೇಳುವ ಹುಡುಗಿ. ಚಿಕ್ಕಂದಿನಿಂದಲೂ ಅವಳಿಗೆ ಆ ಚಟವಿದೆ. “ಇದನ್ನ ಪೂರಾ ನಂಬಂಗಿಲ್ಲ. ಕಂಪ್ಯೂಟರ್ ಸಾವಿರಾರು ಮಂದಿ ಒಳ್ಳೆ ಪಟ ನೋಡಿ ಕಲತೈತಿ. ನಿಮ್ಮದರಾಗ ಎಲ್ಲಿ ತಿಳೀವಲ್ದೋ ಅಲ್ಲಿ ಹಿಂಗ ಇರಬಹುದು ಅಂತ ತಾನ ತುಂಬಿಬಿಡತೈತಿ. ಇಲ್ಲದ್ದೂ ಇದ್ದಂಗ ಕಾಣಬಹುದು. ಅದನ್ನ ಹೆಂಗ ಹಿಡಿಯೋದು ಅಂತಾನ ನಾವೆಲ್ಲ ತಲಿ ಕೆಡಿಸ್ಕೊಂಡೀವಿ.”

ಗೌರಮ್ಮ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಅಂದ್ರ ಇದು ಪೂರಾ ಇವರದಲ್ಲ?”

“ಪೂರಾ ಅಂತ ಹೇಳಾಕ ಬರಂಗಿಲ್ಲ ಅತ್ತಿ.”

“ಚೊಲೋ ಐತಿ ಬಿಡವ್ವ. ಅಚ್ಚುಕಟ್ಟು ಐತಿ.” ಪಟವನ್ನು ನನ್ನ ಚಾಚಿದ ಕೈಯಲ್ಲೇ ಇಟ್ಟಳು. “ಈ ತಲಿಯವರು ಯಾರದಾರ, ಅವರನ್ನ ಕರಕೊಂಡು ಬರ್ರಿ. ಚಾವಿ ಅವರ ಕೈಯಾಗ ಕೊಡ್ತೀನಿ.”

ತೀರ್ಪಿನಲ್ಲಿ ನ್ಯಾಯವಿತ್ತು. ನಾನು ತಲೆಯಾಡಿಸಿದೆ. ಆ ಮಹಾನುಭಾವರು ಇನ್ನೂ ಬಂದಿಲ್ಲ. ಬಂದರೆ ಅವರ ಹಿಂದಿನ ಸೀಟಿನಲ್ಲಿ ಕೂರಲು ನನ್ನ ಅಭ್ಯಂತರವೇನೂ ಇಲ್ಲ.